ಜೇನುಹುಳಗಳಿಗೆ ಹೇಳಿದ ಸುಳ್ಳು

ಮನೆಯಲ್ಲಿ ಕೂತು ಬರೆಯುವ ಗಂಡಸಿಗೆ ಮರ್ಯಾದೆ ಇಲ್ಲ. ಶಾಲೆಯ ಗಣಿತದ ಮೇಷ್ಟರ ಕೆಲಸ ಬಿಟ್ಟು, ಅತ್ತೆಯ ಊಟದ ಮೇಜಿನ ಮೇಲೆ ಟೈಪ್‌ರೈಟರ್ ಇಟ್ಟ ದಿನದಿಂದ ಇದನ್ನು ಅನುಭವಿಸುತ್ತಿದ್ದೇನೆ. ನಮ್ಮ ಥಾರ್ನ್‌ಗಿಲ್‌ನಲ್ಲಿ ಕುಡಿದು ಚರಂಡಿಯ ಪಕ್ಕ ಬಿದ್ದವನನ್ನು ಕಂಡರೂ ‘ಪಾಪ, ಏನು ಕಷ್ಟವೋ’ ಅನ್ನುತ್ತಾರೆ. ಟೈಪ್ ಮಾಡುತ್ತ ಕೂತವನನ್ನು ಕಂಡರೆ ‘ಹೇಗೂ ಖಾಲಿ ಕೂತಿದ್ದೀಯ, ಆ ಕಲ್ಲಿದ್ದಲಿನ ಬಕೆಟ್ ಒಳಗಿಡು’ ಅನ್ನುತ್ತಾರೆ.

ನಾನು ಬರೆಯುತ್ತಿದ್ದುದು ಸಾಮಾನ್ಯ ಪುಸ್ತಕವಲ್ಲ. ಹದಿಮೂರು ಹದಿನಾಲ್ಕರ ಮಕ್ಕಳು ಕಂಬಳಿಯೊಳಗೆ ಟಾರ್ಚ್ ಹಿಡಿದು ಓದಬೇಕಾದ ಭಯಂಕರ ರಹಸ್ಯ ಕಾದಂಬರಿ. ಬೆಟ್ಟದ ಬಯಲಿನಲ್ಲಿ ಪಾಳುಬಿದ್ದ ಬಂಗಲೆ, ಮಂಜು, ಬೀಗ ಹಾಕಿದ ಕೋಣೆ, ಒಕ್ಕಣ್ಣಿನ ಅಡುಗೆಯವಳು, ಲ್ಯಾಟಿನ್ ಬಲ್ಲ ಒಂದು ಕಾಗೆ, ಇವೆಲ್ಲದರ ನಡುವೆ ಅರಮಿಂಟಾ ಎಂಬ ಹದಿಮೂರರ ಹುಡುಗಿ. (ಕಾಗೆ ಯಾಕೆ ಎಂದು ಕೇಳಬೇಡಿ. ನನ್ನ ಹೆಂಡತಿ ಮ್ಯೂರಿಯಲ್ ಕೇಳಿ ಕೇಳಿ ಸುಸ್ತಾಗಿದ್ದಾಳೆ.)

ಆ ಗುರುವಾರ ಬೆಳಿಗ್ಗೆ ಲಂಡನ್ನಿನಿಂದ ಪ್ರಕಾಶಕರ ಕಡೆಯ ಮಿಸ್ ಕ್ರಾಬ್‌ಟ್ರೀ ಫೋನ್ ಮಾಡಿದರು.

“ಮಿಸ್ಟರ್ ಥ್ವೇಟ್, ಹನ್ನೊಂದನೇ ಅಧ್ಯಾಯದಲ್ಲಿ ಅಜ್ಜಿ ಸಾಯ್ತಾಳೆ. ಅದು ಸರಿ. ಆದರೆ ಜೊತೆಗೆ ಅಧ್ಯಾಯಾನೂ ಸತ್ತಿದೆ. ಹುಡುಗಿ ಹೋಗಿ ಜೇನುಹುಳಗಳಿಗೆ ಸಾವಿನ ಸುದ್ದಿ ಹೇಳೋದನ್ನ ಓದಿದರೆ ನನಗೆ ಆಕಳಿಕೆ ಬರುತ್ತೆ. ಇವತ್ತು ಸಂಜೆ ಟಪಾಲಿಗೆ ಹೊಸದಾಗಿ ಬರೆದು ಹಾಕಿ. ಬಂದರೆ ಪುಸ್ತಕ. ಇಲ್ಲದಿದ್ದರೆ ಇಲ್ಲ.”

ಟಪಾಲು ಎತ್ತುವುದು ಐದೂವರೆಗೆ. ಪುಸ್ತಕ ಆಗದಿದ್ದರೆ ಬರುವ ಸೆಪ್ಟೆಂಬರಿಗೆ ನಾನು ಮತ್ತೆ ಅದೇ ಶಾಲೆ, ಅದೇ ಹುಡುಗರು, ಅದೇ ದಶಮಾಂಶ ಬಿಂದು. ಮ್ಯೂರಿಯಲ್ ಕೊಟ್ಟ ಒಂದು ವರ್ಷದ ಗಡುವು ಮುಗಿದು ತಿಂಗಳಾಗಿತ್ತು. ಸಾಲದೆಂಬಂತೆ ಅವತ್ತೇ ಮಧ್ಯಾಹ್ನ ಮೂರಕ್ಕೆ ಅತ್ತೆ ಡಾರ್ಕಸ್ ಆಸ್ಪತ್ರೆಯಿಂದ ಮನೆಗೆ ಬರುವವರಿದ್ದರು. ಸೊಂಟದ ಮೂಳೆ ಸರಿಮಾಡಿಸಿಕೊಳ್ಳಲು ಹೋದವರು, ಹೊರಡುವ ದಿನ ಕಾರಿನಿಂದ ತಲೆ ಹೊರಹಾಕಿ ಹೇಳಿದ್ದರು: “ನನ್ನ ನಾಲ್ಕು ಜೇನುಪೆಟ್ಟಿಗೆ ನಿನ್ನ ಕೈಲಿ ಬಿಟ್ಟು ಹೋಗ್ತಿದೀನಿ ಕ್ಲೆಮೆಂಟ್. ಒಂದು ಖಾಲಿಯಾದ್ರೂ ಆ ಟಕಟಕ ಯಂತ್ರ ನನ್ನ ಮೇಜಿನ ಮೇಲಿರಲ್ಲ.” ಅವರನ್ನು ಕರೆತರಲು ಮ್ಯೂರಿಯಲ್ ಬೆಳಿಗ್ಗೆಯೇ ಹೋಗಿದ್ದಳು.

ಮಗಳು ಪ್ರೂ ರಜೆಯಲ್ಲಿ ಮನೆಯಲ್ಲಿದ್ದಳು. ವಯಸ್ಸು ಹದಿನಾಲ್ಕು. ಯಾರಿಗಾಗಿ ಈ ಪುಸ್ತಕ ಬರೆಯುತ್ತಿದ್ದೆನೋ ಆ ಓದುಗವರ್ಗದ ಏಕೈಕ ಪ್ರತಿನಿಧಿ. ಹನ್ನೊಂದನೇ ಅಧ್ಯಾಯವನ್ನು ಟೋಸ್ಟ್ ತಿನ್ನುತ್ತಾ ಓದಿ, ಹಾಳೆಗಳನ್ನು ಬೆಣ್ಣೆಯ ಬೆರಳಿನಲ್ಲಿ ಪಕ್ಕಕ್ಕೆ ಸರಿಸಿದಳು.

“ಅಪ್ಪಾ, ನೀನು ಯಾವತ್ತಾದ್ರೂ ಜೇನಿಗೆ ಸಾವಿನ ಸುದ್ದಿ ಹೇಳಿದ್ದೀಯಾ?”

“ನಮ್ಮನೇಲಿ ಯಾರು ಸತ್ತಿದಾರೆ ಹೇಳೋಕೆ?”

“ಮತ್ತೆ ಹೇಗೆ ಬರೀತೀಯ?”

“ಕಲ್ಪನೆ ಅಂತ ಒಂದಿದೆ ಕಣೇ.”

“ಅದಿಲ್ಲ ಅಂತಾನೇ ತಾನೆ ಆಯಮ್ಮ ಫೋನ್ ಮಾಡಿದ್ದು?”

ಮಾತು ಚುಚ್ಚಿತು. ಚುಚ್ಚಿದ ಜಾಗದಲ್ಲೇ ಒಂದು ದಿವ್ಯ ಉಪಾಯವೂ ಹೊಳೆಯಿತು. ಮಾಡಿಯೇ ನೋಡಿದರಾಯಿತು! ನಮ್ಮಲ್ಲಿ ಮನೆಯವರು ಸತ್ತರೆ ಜೇನುಪೆಟ್ಟಿಗೆಗೆ ಕಪ್ಪು ಬಟ್ಟೆ ಹೊದಿಸಿ, ಮನೆಯ ಬೀಗದ ಕೈಯಿಂದ ಮೂರು ಸಲ ತಟ್ಟಿ, ಸುದ್ದಿ ಹೇಳಬೇಕು. ಹೇಳದಿದ್ದರೆ ಹುಳಗಳು ಮುನಿಸಿಕೊಂಡು ಎದ್ದು ಹೋಗುತ್ತವೆ. ಸುಳ್ಳು ಹೇಳಿದರೆ ಏನಾಗುತ್ತದೆಂದು ಯಾರಿಗೂ ಗೊತ್ತಿಲ್ಲ, ಏಕೆಂದರೆ ಥಾರ್ನ್‌ಗಿಲ್‌ನಲ್ಲಿ ಪಾದ್ರಿಗೆ ಸುಳ್ಳು ಹೇಳಿದವರಿದ್ದಾರೆ, ಪೊಲೀಸರಿಗೆ ಹೇಳಿದವರಿದ್ದಾರೆ, ಜೇನಿಗೆ ಹೇಳಿದವರು ಒಬ್ಬರೂ ಇಲ್ಲ.

ಮ್ಯೂರಿಯಲ್ ಚರ್ಚಿನಲ್ಲಿ ಹಾಡುವಾಗ ಉಡುವ ಕಪ್ಪು ಲಂಗವನ್ನು ಹುಡುಕಿ ತೆಗೆಯುವಷ್ಟರಲ್ಲಿ ಮಧ್ಯಾಹ್ನ ಎರಡಾಗಿತ್ತು. ಜೇನು ಕಚ್ಚದಂತೆ ಅತ್ತೆ ಹಾಕುವ ಬಲೆ ಟೋಪಿ ಹಾಕಿಕೊಂಡೆ. (ನನಗೆ ಜೇನು ಕಂಡರೆ ಜೀವ ಹೋಗುತ್ತದೆ. ಈ ಮೂರು ವಾರ ಪೆಟ್ಟಿಗೆಗಳನ್ನು ಅಡುಗೆಮನೆಯ ಕಿಟಕಿಯಿಂದಲೇ ನೋಡಿಕೊಂಡಿದ್ದೆ.) ಹಿತ್ತಲಿನಲ್ಲಿ ಲಂಗವನ್ನು ಮೊದಲ ಪೆಟ್ಟಿಗೆಗೆ ಹೊದಿಸಿ, ಬೀಗದ ಕೈಯಿಂದ ತಟ್ಟಿ, ಗಂಟಲು ಸರಿಮಾಡಿಕೊಂಡೆ. ಕಾದಂಬರಿಯ ಅಜ್ಜಿಯ ಹೆಸರು ಹೇಳಿದರೆ ಅವಕ್ಕೆ ಯಾರೆಂದು ಗೊತ್ತಾಗಬೇಕಲ್ಲ?

“ಹುಳಗಳೇ, ನಿಮ್ಮ ಯಜಮಾನಿ ಡಾರ್ಕಸ್ ತೀರಿಕೊಂಡರು. ಎದ್ದು ಹೋಗಬೇಡಿ.”

ಲಂಗವನ್ನು ಎರಡನೆಯದಕ್ಕೆ ಹೊದಿಸಿ ಮತ್ತೆ ಹೇಳಿದೆ. ಮೂರನೆಯದರ ಹೊತ್ತಿಗೆ ನನ್ನ ದನಿ ನಡುಗಿತು, ಕಣ್ಣು ತುಂಬಿತು. ನಾಲ್ಕನೆಯದರ ಹೊತ್ತಿಗೆ, ಮುಚ್ಚುಮರೆ ಯಾಕೆ, ಒಂದು ಬಗೆಯ ನೆಮ್ಮದಿಯೂ ಬಂತು. ಇದೇ, ಇದೇ ಬೇಕಿತ್ತು ಮಿಸ್ ಕ್ರಾಬ್‌ಟ್ರೀಗೆ, ಅಂದುಕೊಂಡು ತಿರುಗುವಷ್ಟರಲ್ಲಿ ಬೇಲಿಯಾಚೆ ಏನೋ ದಡಾರನೆ ಬಿತ್ತು.

ಪಕ್ಕದ ಮನೆಯ ಎಥೆಲ್ ಸಗ್ಡನ್ ಬಟ್ಟೆ ಒಣಹಾಕುತ್ತಿದ್ದವರು. ಒದ್ದೆ ಬಟ್ಟೆಯ ಬುಟ್ಟಿ ಕಾಲ ಮೇಲೆ ಬಿದ್ದಿತ್ತು. ಕೈ ಬಾಯಿಯ ಮೇಲಿತ್ತು.

“ಡಾರ್ಕಸ್! ಅಯ್ಯೋ ದೇವರೇ!”

“ಇಲ್ಲ ಮಿಸೆಸ್ ಸಗ್ಡನ್, ಸತ್ತಿಲ್ಲ! ನಾನು ಸುಮ್ಮನೆ ಹೇಳಿದ್ದು. ಪುಸ್ತಕಕ್ಕೆ!”

ಅವರು ಬೇಲಿಯ ಮೇಲಿಂದ ನನ್ನ ಕೈ ಹಿಡಿದುಕೊಂಡರು. “ಅಳು ಮಗಾ. ತಡೀಬೇಡ. ನಮ್ಮೆಜಮಾನ್ರು ಹೋದಾಗ ನಾನೂ ಹೀಗೇನೇ ಒಂದು ವಾರ ‘ಇಲ್ಲ, ಇಲ್ಲ’ ಅಂತಿದ್ದೆ.”

“ನಿಜವಾಗ್ಲೂ ಬದುಕಿದಾರೆ! ಮೂರು ಗಂಟೆಗೆ ಮನೆಗೆ ಬರ್ತಾರೆ!”

“ಬರ್ತಾಳೆ, ಹೆಣದ ಪೆಟ್ಟಿಗೇಲಿ ಬರ್ತಾಳೆ,” ಎಂದು ಅವರು ನನ್ನ ಕೆನ್ನೆ ತಟ್ಟಿದರು. “ಬುದ್ಧಿ ನೆಟ್ಟಗಿರೋನು ಯಾವನಾದ್ರೂ ಜೇನಿಗೆ ಸುಳ್ಳು ಹೇಳ್ತಾನಾ? ಹೋಗಿ ಮಲಕ್ಕೋ. ಮಿಕ್ಕಿದ್ದು ನಾನು ನೋಡ್ಕೋತೀನಿ.”

ಹದಿನೇಳು ವರ್ಷ ಗಣಿತ ಕಲಿಸಿದವನು ನಾನು. ಈ ತರ್ಕದಷ್ಟು ಭದ್ರವಾದ ಪ್ರಮೇಯ ನೋಡಿಯೇ ಇರಲಿಲ್ಲ. ಅವರು ಸರಸರನೆ ಬೀದಿಗೆ ಇಳಿದರು.

“ಅಪ್ಪಾ,” ಎಂದು ಪ್ರೂ ಕಿಟಕಿಯಿಂದ ಕರೆದಳು, “ಪೆಟ್ಟಿಗೆ ನೋಡು.”

ನೋಡಿದೆ. ನಾಲ್ಕನೆಯ ಪೆಟ್ಟಿಗೆಯ ಬಾಯಿಂದ ಹುಳಗಳು ಹೊರಬಂದು, ಒಂದರ ಮೇಲೊಂದು ಕೂತು, ಉದ್ದ ಗಡ್ಡದ ಹಾಗೆ ಜೋತು ಬೀಳುತ್ತಿದ್ದವು. ಗುಂಯ್ ಎನ್ನುವ ದನಿ ಬೆಳಗಿನಂತಿರಲಿಲ್ಲ, ಒಂದು ಮಟ್ಟ ಏರಿತ್ತು. ಹೊರಡುವ ಮುಂಚೆ ಹುಳಗಳು ಹೀಗೇ ಸೇರುತ್ತವೆಂದು ಅತ್ತೆ ಹೇಳಿದ್ದು ನೆನಪಾಯಿತು.

“ಈಗೇನು ಮಾಡೋದು?”

“ಸತ್ತಿಲ್ಲ ಅಂತ ಹೇಳು ಅವಕ್ಕೆ.”

“ಸತ್ತಿಲ್ಲ ಅಂತ ಹೇಳೋಕೆ ಶಾಸ್ತ್ರ ಇಲ್ಲ ಕಣೇ! ಹೇಗೆ ಹೇಳಬೇಕು, ಎಷ್ಟು ಸಲ ತಟ್ಟಬೇಕು, ಯಾರಿಗೆ ಗೊತ್ತು?”

ಪ್ರೂ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡಳು. ಬೈಯಲು ಬಾಯಿ ತೆಗೆದೆ. ಅಷ್ಟರಲ್ಲಿ ಚರ್ಚಿನ ಗಂಟೆ ಹೊಡೆಯಿತು.

ನಮ್ಮೂರಲ್ಲಿ ಸಾವಿನ ಗಂಟೆಗೆ ಲೆಕ್ಕವಿದೆ. ಹೆಂಗಸಾದರೆ ಮೊದಲು ಆರು ಏಟು, ಆಮೇಲೆ ವಯಸ್ಸಿನ ವರ್ಷಕ್ಕೊಂದರಂತೆ. ಆರು ಆಯಿತು. ಒಂದು ಕ್ಷಣ ಬಿಟ್ಟು ಮತ್ತೆ ಶುರುವಾಯಿತು. ಒಂದು. ಎರಡು. ನಾನು ಬಲೆ ಟೋಪಿಯಲ್ಲೇ ಓಡಿದೆ. ದಾರಿಯಲ್ಲಿ ಕಂಡವರೆಲ್ಲ ಹ್ಯಾಟು ತೆಗೆದು ತಲೆ ಬಗ್ಗಿಸಿದರು. ಗಂಟೆಗೋಪುರದ ಮೆಟ್ಟಿಲು ಹತ್ತುವಷ್ಟರಲ್ಲಿ ಮೂವತ್ತೆಂಟು ಆಗಿತ್ತು. ಗಂಟೆ ಹೊಡೆಯುವ ಸೆತ್ ಮುದುಕ ಹಗ್ಗ ಎಳೆಯುತ್ತಲೇ ನನ್ನನ್ನು ನೋಡಿದ.

“ನಿಲ್ಲಿಸು ಸೆತ್! ಯಾರೂ ಸತ್ತಿಲ್ಲ!”

“ಎಥೆಲ್ ಹೇಳಿದ್ಲು ನೀನು ಹೀಗಂತೀಯ ಅಂತ. ಮೂವತ್ತೊಂಬತ್ತು.”

“ದಮ್ಮಯ್ಯ ನಿಲ್ಲಿಸು!”

“ಮಧ್ಯಕ್ಕೆ ನಿಲ್ಲಿಸಕ್ಕಾಗುತ್ತಾ? ನಲವತ್ತು. ಕೇಳೋರು ಏನಂದ್ಕೋಬೇಕು? ನಲವತ್ತೊಂದು. ಆಯ್ತು, ಈಗ ನಿಲ್ಲಿಸ್ತೀನಿ ಅಂದ್ಕೋ. ನಲವತ್ತೊಂದು ವರ್ಷದ ಹೆಂಗಸು ಯಾರು ಸತ್ತಿದ್ದು ಅಂತ ಊರು ಕೇಳುತ್ತೆ. ಹೇಳು, ಯಾರಿಗೆ ನಲವತ್ತೊಂದು?”

ಮ್ಯೂರಿಯಲ್‌ಗೆ ನಲವತ್ತೊಂದು. ನಾನು ತೆಪ್ಪಗೆ ಕೆಳಗಿಳಿದೆ.

ಮನೆಗೆ ಬಂದಾಗ ಎರಡೂ ಮುಕ್ಕಾಲು. ಅತ್ತೆಯ ನಡುಮನೆಯಲ್ಲಿ ಕಪ್ಪು ಬಟ್ಟೆಯ ಇಪ್ಪತ್ತು ಜನ. ಪರದೆ ಎಳೆದಿದ್ದರು. ಗಡಿಯಾರ ನಿಲ್ಲಿಸಿದ್ದರು. ನನ್ನ ಟೈಪ್‌ರೈಟರನ್ನು ನೆಲಕ್ಕಿಳಿಸಿ, ಮೇಜಿನ ಮೇಲೆ ಮನೆಮನೆಯಿಂದ ತಂದ ಹಂದಿತೊಡೆಯ ಮೂರು ದೊಡ್ಡ ಹ್ಯಾಮ್, ಹಂದಿಮಾಂಸದ ಕಡುಬು, ಕೇಕು ಜೋಡಿಸಿದ್ದರು. (ಹ್ಯಾಮ್ ಇಲ್ಲದೆ ಮಣ್ಣಾದವರನ್ನು ನಮ್ಮ ಕಡೆ ಮೂರು ತಲೆಮಾರು ಆಡಿಕೊಳ್ಳುತ್ತಾರೆ.) ನಾನು ಕುರ್ಚಿ ಹತ್ತಿ ನಿಂತು, ಆಕೆ ಬದುಕಿದ್ದಾರೆ ಎಂದು ಕೂಗಿದೆ. ಎಲ್ಲರೂ ಕರುಣೆಯಿಂದ ನೋಡಿದರು. ಯಾರೋ ನನ್ನ ಕೈಗೆ ಬ್ರಾಂಡಿ ಕೊಟ್ಟರು. ಹಿತ್ತಲಿನಲ್ಲಿ ಹುಳಗಳ ಗಡ್ಡ ಮೊಳದುದ್ದವಾಗಿತ್ತು.

ಮೂರಕ್ಕೆ ಸರಿಯಾಗಿ ಕಾರು ಬಂತು. ನಾನೊಬ್ಬನೇ ಗೇಟಿಗೆ ಓಡಿದೆ. ಕಿಟಕಿಯ ಗಾಜು ಇಳಿಯಿತು. ಅತ್ತೆಯ ಮುಖದಲ್ಲಿ ಎಂದೂ ಕಾಣದ ಕಳೆ.

“ಎಪ್ಪತ್ತೇಳು ಏಟು, ಹೆಂಗಸು. ಬೆಟ್ಟದ ತಿರುವಿನಲ್ಲಿ ಕಾರು ನಿಲ್ಲಿಸಿ ಎಣಿಸಿದೆ. ನಮ್ಮೂರಲ್ಲಿ ಎಪ್ಪತ್ತೇಳು ಆಗಿರೋರು ಇಬ್ಬರೇ. ನಾನು ಇಲ್ಲಿದೀನಿ.” ನಿಟ್ಟುಸಿರು ಬಿಟ್ಟರು. “ಪಾಪ, ಎಥೆಲ್. ಒಳ್ಳೆಯವಳೇ, ಕೇಕು ಮಾತ್ರ ಮಾಡಕ್ಕೆ ಬರ್ತಿರಲಿಲ್ಲ.”

“ಅತ್ತೆ, ಒಂದು ನಿಮಿಷ...”

ಅಷ್ಟರಲ್ಲಿ ಬಾಗಿಲು ತೆಗೆದು ಎಥೆಲ್ ಸಗ್ಡನ್ ಹ್ಯಾಮಿನ ತಟ್ಟೆ ಹಿಡಿದು ಹೊರಗೆ ಬಂದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

“ನೀನು ಸತ್ತಿಲ್ವಾ?” ಅಂದರು ಅತ್ತೆ.

“ನೀನೇ ಸತ್ತಿಲ್ವಾ?” ಅಂದರು ಎಥೆಲ್.

ಇಬ್ಬರ ದನಿಯಲ್ಲೂ ಅಂಥ ಸಂತೋಷವೇನೂ ಇರಲಿಲ್ಲ. ಮ್ಯೂರಿಯಲ್ ಕಾರಿನಿಂದ ಇಳಿದು, ನನ್ನ ತಲೆಯ ಮೇಲಿನ ಬಲೆ ಟೋಪಿ ನೋಡಿ, “ಕ್ಲೆಮೆಂಟ್, ಏನು ಮಾಡಿದೆ?” ಎಂದಳು. ಏನಾಯಿತು ಎಂದು ಕೇಳಲೇ ಇಲ್ಲ ನೋಡಿ.

ನಡುಮನೆಯಲ್ಲಿ ವಿಚಾರಣೆ ನಡೆಯಿತು. ಅತ್ತೆ ತಮ್ಮದೇ ತಿಥಿಯೂಟದ ಮೇಜಿನ ತುದಿಯಲ್ಲಿ ಕೋಲೂರಿ ಕೂತರು. ನಾನು ಎಲ್ಲ ಹೇಳಿದೆ. ತಮ್ಮನ್ನು ಕೊಂದದ್ದಕ್ಕೆ, ಹ್ಯಾಮ್ ಬೇಯಿಸಿದ್ದಕ್ಕೆ, ಗಂಟೆಗೆ, ಯಾವುದಕ್ಕೂ ಅವರು ಕದಲಲಿಲ್ಲ. ಕೊನೆಗೆ ಒಂದೇ ಒಂದು ಪ್ರಶ್ನೆ.

“ಜೇನಿಗೆ ಸುಳ್ಳು ಹೇಳಿದ್ಯಾ?”

ಬದುಕಿದ್ದವರು ಸತ್ತರೆಂದು ಜೇನಿಗೆ ಹೇಳಿದವನನ್ನು ಥಾರ್ನ್‌ಗಿಲ್ ಮೊದಲ ಸಲ ನೋಡುತ್ತಿತ್ತು. ಅತ್ತೆ ಎದ್ದರು. ಮನೆಯ ಬೀಗದ ಕೈ ಕೊಡು ಎಂದು ಕೈ ಚಾಚಿದರು. ಒಬ್ಬರೇ ಹಿತ್ತಲಿಗೆ ಹೋದರು, ಹೆಜ್ಜೆ ಹೆಜ್ಜೆಗೂ ನಿಂತು.

ನಾವೆಲ್ಲ ಅಡುಗೆಮನೆಯ ಕಿಟಕಿಗೆ ಮುತ್ತಿಕೊಂಡೆವು. ಗಂಟೆ ನಾಲ್ಕಾಗಿತ್ತು. ಹುಳಗಳು ಎದ್ದು ಹೋದರೆ ಟೈಪ್‌ರೈಟರ್ ನೆಲದಿಂದ ಸೀದಾ ಬೀದಿಗೆ, ನಾನು ದಶಮಾಂಶ ಬಿಂದುವಿಗೆ. ಗಡ್ಡ ಅಲುಗಿತು. ನಾಲ್ಕೈದು ಹುಳ ಹಾರಿ ಅತ್ತೆಯ ತಲೆಯ ಸುತ್ತ ತಿರುಗಿದವು. ಅವರು ಟೋಪಿ ಹಾಕಿರಲಿಲ್ಲ. ಬೀಗದ ಕೈಯಿಂದ ಮೂರು ಸಲ ತಟ್ಟಿದರು. ಬಗ್ಗಿದರು. ತುಟಿ ಅಲ್ಲಾಡಿತು. ಏನೆಂದರೋ ಕೇಳಿಸಲಿಲ್ಲ. ಮ್ಯೂರಿಯಲ್ ನನ್ನ ತೋಳಿಗೆ ಉಗುರು ನಾಟಿಸಿದ್ದಳು. ನನಗೆ ನಿಜವಾಗಿ ಹೆದರಿಕೆಯಾಯಿತು, ಪುಸ್ತಕಕ್ಕಲ್ಲ, ಆ ಮುದುಕಿಗೆ ಏನಾದರೂ ಆದರೆ ಎಂದು.

ಆಮೇಲೆ ಒಂದೊಂದಾಗಿ, ಶಾಲೆಯ ಗಂಟೆ ಹೊಡೆದಾಗ ಒಲ್ಲದ ಮನಸ್ಸಿನಿಂದ ಒಳಗೆ ಹೋಗುವ ಹುಡುಗರ ಹಾಗೆ, ಹುಳಗಳು ಪೆಟ್ಟಿಗೆಯೊಳಗೆ ಹೋದವು. ಇಪ್ಪತ್ತು ನಿಮಿಷ ಹಿಡಿಯಿತು. ಕಿಟಕಿಯಲ್ಲಿ ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟೆವು. ನಾನು ಓಡಿಹೋಗಿ ಅತ್ತೆಯ ಕೈ ಹಿಡಿದು ಕರೆತಂದೆ.

“ಏನು ಹೇಳಿದ್ರಿ ಅತ್ತೆ ಅವಕ್ಕೆ?”

“ಈ ಮನೇಲಿ ಸಾವಾಗಿದೆ ಅಂತ ಒಂದು ಸಲ ಹೇಳಿದ ಮೇಲೆ ಆಗಿಲ್ಲ ಅನ್ನೋಕೆ ಬರಲ್ಲ. ಹೆಸರು ತಪ್ಪಾಗಿತ್ತು ಅಂದೆ.”

“ಮತ್ತೆ... ಯಾರು ಸತ್ತಿದ್ದು?”

“ನೀನು.”

“ನಾನಾ!”

“ಅಳಿಯ ಕ್ಲೆಮೆಂಟ್ ತೀರಿಕೊಂಡ ಅಂದೆ. ಕೇಳ್ಕೊಂಡ್ವು. ಒಳಗೆ ಹೋದ್ವು. ಅವಕ್ಕೂ ಸಮಾಧಾನ ಆದ ಹಾಗಿತ್ತು.”

ನಾನು ಪ್ರತಿಭಟಿಸಬೇಕೆಂದುಕೊಂಡೆ. ಆದರೆ ಊರೆಲ್ಲ ಇದು ನ್ಯಾಯವಾದ ತೀರ್ಮಾನವೆಂದು ತಲೆದೂಗುತ್ತಿತ್ತು. ಎಥೆಲ್ ಹ್ಯಾಮ್ ಕೊಯ್ಯತೊಡಗಿದರು. ಬೇಯಿಸಿದ್ದು ಹಾಳಾಗಬಾರದಲ್ಲ. ನನ್ನ ಹೆಸರಿನಲ್ಲಿ ಊಟ ನಡೆಯಿತು. ಸತ್ತವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಆಡಬೇಕೆಂದು ಸೆತ್ ಎದ್ದು ನಿಂತ, ಬಹಳ ಹೊತ್ತು ಯೋಚಿಸಿದ, “ಬೋರ್ಡಿನ ಮೇಲೆ ಅಕ್ಷರ ದುಂಡಗಿತ್ತು” ಎಂದು ಕೂತ. ಬೇರೆ ಯಾರಾದರೂ ಏನಾದರೂ ಸೇರಿಸುತ್ತೀರಾ ಎಂದು ಕೇಳಿದರು. ಯಾರೂ ಸೇರಿಸಲಿಲ್ಲ. ನಾನು ಮ್ಯೂರಿಯಲ್ ಕಡೆ ನೋಡಿದೆ. ಅವಳು ಸಾಸಿವೆ ಎತ್ತಿಕೊಡಿ ಅಂದಳು.

ಗಡಿಯಾರ ನೋಡಿದಾಗ (ಅದು ನಿಂತಿತ್ತು, ಸೆತ್‌ನ ಕೈಗಡಿಯಾರ ನೋಡಿದೆ) ಐದೂ ಹತ್ತು. ಒಂದು ಸಾಲೂ ಬರೆದಿರಲಿಲ್ಲ! ನೆಲದ ಮೇಲೆ ಟೈಪ್‌ರೈಟರ್ ಇದ್ದ ಕಡೆ ಹಾರಿದೆ. ಅಲ್ಲಿ ಪ್ರೂ ಮಂಡಿಯೂರಿ ಕೂತು ಕೊನೆಯ ಹಾಳೆ ಎಳೆಯುತ್ತಿದ್ದಳು. ನೋಟ್‌ಬುಕ್ ಪಕ್ಕದಲ್ಲಿ ತೆರೆದಿತ್ತು.

“ಅಜ್ಜಿ ಸಾಯೋದನ್ನ ತೆಗೆದುಹಾಕಿದೆ ಅಪ್ಪಾ. ಅರಮಿಂಟಾಳ ಅಪ್ಪ ಸಾಯ್ತಾನೆ. ಲಕೋಟೆಗೆ ಹಾಕಲಾ?”

ಓದಲು ಸಮಯವಿರಲಿಲ್ಲ. ಅವಳು ಓಡಿದಳು. ಟಪಾಲಿನ ವ್ಯಾನು ಹೊರಡುವ ಕ್ಷಣಕ್ಕೆ ಸಿಕ್ಕಿತಂತೆ.

ಐದು ದಿನ ನಾನು ಸರಿಯಾಗಿ ಉಣ್ಣಲಿಲ್ಲ. (ಉಳಿದ ಹ್ಯಾಮನ್ನೇ ಉಣ್ಣಬೇಕಿತ್ತು. ನನ್ನದೇ ಹೆಸರಿನದು ಗಂಟಲಲ್ಲಿ ಇಳಿಯುತ್ತಿರಲಿಲ್ಲ.) ಆರನೇ ದಿನ ಮಿಸ್ ಕ್ರಾಬ್‌ಟ್ರೀಯವರ ಕಾಗದ ಬಂತು. ನಿಂತಲ್ಲೇ ಒಡೆದೆ. ಪುಸ್ತಕ ಒಪ್ಪಿಗೆಯಾಗಿತ್ತು! ಕೂಗಿಕೊಂಡೆ, ಪ್ರೂಳನ್ನು ತಬ್ಬಿಕೊಂಡೆ, ಅತ್ತೆಯನ್ನೂ ತಬ್ಬಿಕೊಳ್ಳಲು ಹೋಗಿ ಕೋಲು ನೋಡಿ ಹಿಂದೆ ಸರಿದೆ. ಟೈಪ್‌ರೈಟರ್ ಮತ್ತೆ ಮೇಜು ಹತ್ತಿತು. ಆಮೇಲೆ ಮ್ಯೂರಿಯಲ್ ಕನ್ನಡಕ ಹಾಕಿಕೊಂಡು ಕಾಗದದ ಉಳಿದ ಭಾಗವನ್ನು ಗಟ್ಟಿಯಾಗಿ ಓದಿದಳು.

“‘ಅಪ್ಪ ಸಾಯುವ ಅಧ್ಯಾಯ ಇಡೀ ಪುಸ್ತಕದಲ್ಲೇ ಉತ್ತಮವಾದುದು. ಆತ ಹೋದ ಮೇಲೆ ಮನೆಯಲ್ಲಿ ಎಲ್ಲರಿಗೂ ಜೀವ ಬಂದಿದೆ. ಕತೆಯೂ ಓಡುತ್ತದೆ. ಆದ್ದರಿಂದ ನನ್ನದೊಂದೇ ಸಲಹೆ: ಹನ್ನೊಂದನೇ ಅಧ್ಯಾಯದವರೆಗೆ ಕಾಯುವುದೇಕೆ? ಅವನನ್ನು ಮೊದಲ ಪುಟದಲ್ಲೇ ಸಾಯಿಸಿ.’”

ಅತ್ತೆ ಚಹಾದ ಬಟ್ಟಲು ಕೆಳಗಿಟ್ಟರು.

“ಜಾಣೆ ಹೆಂಗಸು,” ಅಂದರು. “ಊಟಕ್ಕೆ ಮುಂಚೆ ಮುಗಿಸಿಬಿಡು ಕ್ಲೆಮೆಂಟ್.”