ಸಂಜೆ ಆರಕ್ಕೆ ಬೆಳಗಾಗುವ ಶಾಲೆ

ಮೊದಲೇ ಹೇಳಿಬಿಡುತ್ತೇನೆ: ಇದರಲ್ಲಿ ನಾನು ಕಂಡದ್ದೆಷ್ಟು, ಕೇಳಿದ್ದೆಷ್ಟು, ಜೊಂಪಿನಲ್ಲಿ ಹುಟ್ಟಿದ್ದೆಷ್ಟು ಎಂಬುದು ನನಗೇ ಖಾತ್ರಿಯಿಲ್ಲ. ಧಾರವಾಡದಲ್ಲಿ ಮನಃಶಾಸ್ತ್ರ ಓದಿ ನಾನು ಕಲಿತ ಒಂದೇ ಗಟ್ಟಿ ವಿಷಯವೆಂದರೆ ನೆನಪನ್ನು ನಂಬಬಾರದು ಎಂಬುದು. ಅದನ್ನಾದರೂ ಸರಿಯಾಗಿ ನೆನಪಿಟ್ಟಿದ್ದೇನೆಯೇ? ಗೊತ್ತಿಲ್ಲ. ಇಷ್ಟು ಮಾತ್ರ ಹೇಳಬಲ್ಲೆ. ಕೊರೊನಾ ಕಾಲದಲ್ಲಿ ಶಾಲೆಗಳೆಲ್ಲ ಬೀಗ ಹಾಕಿಕೊಂಡು ಕೂತಿದ್ದಾಗ, ದಿನಾ ತಪ್ಪದೆ ಮಕ್ಕಳನ್ನು ಕರೆದುಕೊಂಡು ಶಾಲೆಗೆ ಹೋಗಿಬಂದ ಮಾಸ್ತರರೆಂದರೆ ನಮ್ಮ ಮಾಮಾ ಒಬ್ಬರೇ. ಅದೂ ರೋಣದ ತಮ್ಮ ಮನೆಯ ಅಂಗಳದಲ್ಲಿದ್ದ ಹೊರಸಿನಿಂದ ಮೇಲೇಳದೆ!

ಮಾಮಾ, ಅಂದರೆ ನಮ್ಮವ್ವನ ತಮ್ಮ, ಗಜೇಂದ್ರಗಡದ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾರೆ. ಪಾಠವನ್ನೆಲ್ಲ ಫೋನಿನಲ್ಲೇ ಮಾಡಬೇಕೆಂದು ಆದೇಶ ಬಂದಿತ್ತು. ನನ್ನ ಹಾಸ್ಟೆಲ್ಲೂ ಮುಚ್ಚಿತ್ತು. ನರಗುಂದದ ಮನೆಯಲ್ಲಿ ಅಣ್ಣನ ಮಕ್ಕಳ ಗದ್ದಲ ತಾಳದೆ, ಪುಸ್ತಕದ ಚೀಲ ಹೊತ್ತು ಮಾಮಾನ ಮನೆ ಸೇರಿದ್ದೆ.

ಮಕ್ಕಳ ಮನೆಯ ಫೋನುಗಳೆಲ್ಲ ಅಪ್ಪಂದಿರ ಕಿಸೆಯಲ್ಲಿ ಹೊಲಕ್ಕೆ ಹೋಗಿ, ಸಂಜೆಗೆ ಮರಳುತ್ತಿದ್ದವು. ಹೀಗಾಗಿ ಹೊತ್ತು ಮುಳುಗುವಾಗ ಮಾಮಾನ ಶಾಲೆಯಲ್ಲಿ ಬೆಳಗಾಗುತ್ತಿತ್ತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಚಪ್ಪಲಿ ಮೆಟ್ಟಿಕೊಂಡೇ ಹೊರಸಿನ ಮೇಲೆ ಚಕ್ಕಳಮಕ್ಕಳ ಹಾಕುತ್ತಿದ್ದರು.

“ಏನ್ರಿ, ಹಾಸಗಿ ಮ್ಯಾಲ ಚಪ್ಪಲಿ ಮೆಟ್ಟಿ ಕುಂದರ್ತಾರೇನು?” ಎಂದು ಮಾಮಿ ಕೇಳಿದರೆ, “ಸಾಲಿಗಿ ಬರಿಗಾಲ್ಲೆ ಹೋಗ್ಲೇನು? ದಾರ್ಯಾಗ ಮುಳ್ಳದಾವ” ಎನ್ನುತ್ತಿದ್ದರು. ಮರುದಿನದಿಂದ ಮಾಮಿ ಪಾತ್ರೆಗಳ ಜೊತೆ ಆ ಚಪ್ಪಲಿಯನ್ನೂ ತೊಳೆದಿಡತೊಡಗಿದರು.

ದನಿ ದೊಡ್ಡದಾಗಲೆಂದು ಮಾಮಾ ಫೋನನ್ನು ಸ್ಟೀಲಿನ ಬೋಗುಣಿಯೊಳಗೆ ಇಡುತ್ತಿದ್ದರು. ಒಬ್ಬೊಬ್ಬರಾಗಿ ಮಕ್ಕಳು ಫೋನಿನಲ್ಲಿ ಬಂದು ಸೇರುತ್ತಿದ್ದರು.

“ಎಲ್ಲಾರೂ ಕಣ್ಣ ಮುಚ್ಚರಿ. ಚೀಲ ಏರಸ್ರಿ. ಹೊಂಟೇವಿ.”

ಹೊರಡುತ್ತಿದ್ದರು. ಇಟಗಿಯ ಮಕ್ಕಳು ಇಟಗಿಯಿಂದ, ಲಕ್ಕಲಕಟ್ಟಿಯವರು ಲಕ್ಕಲಕಟ್ಟಿಯಿಂದ.

“ಹಳ್ಳ ದಾಟಿದ್ರೇನು?”

“ದಾಟಾಕ್ಹತ್ತೇವ್ರಿ ಸರ. ಮೊಣಕಾಲತನ ನೀರೈತ್ರಿ.”

“ಪುಸ್ತಕ ತೋಯಸಬ್ಯಾಡ್ರಿ. ಸಾವಕಾಶ ಬರ್ರಿ.”

ಪಡಸಾಲೆಯಲ್ಲಿ ಮಲಗಿ ಕೇಳುತ್ತಿದ್ದ ನನಗೆ ಬೋಗುಣಿಯೊಳಗಿಂದ ನೀರಿನ ಸಪ್ಪಳ ಕೇಳಿಸುತ್ತಿತ್ತು. ಎರೆಮಣ್ಣಿನ ದಾರಿ, ಎಳೆಬಿಸಿಲು, ದೂರದ ಗುಡ್ಡ ಎಲ್ಲ ಕಾಣಿಸುತ್ತಿದ್ದವು. ಒಂದು ಸಂಜೆ ಎದ್ದಾಗ ಅಂಗಾಲು ಒದ್ದೆಯಾಗಿತ್ತು. ಹಳ್ಳ ದಾಟಿದೆನೇ ಎಂದು ಒಂದು ಗಳಿಗೆ ನಂಬಿಬಿಟ್ಟೆ. ಮಾಮಿ ಪಡಸಾಲೆ ಒರೆಸಿದ್ದರಂತೆ.

ಒಮ್ಮೆ ಲಕ್ಕಲಕಟ್ಟಿಯ ಹುಡುಗನೊಬ್ಬ ಸೈಕಲ್ ಪಂಚರ್ ಆಯಿತೆಂದ. ಮಾಮಾ ಇಡೀ ತರಗತಿಯನ್ನು ದಾರಿಯಲ್ಲೇ ನಿಲ್ಲಿಸಿದರು. ಪಂಚರ್ ತಿದ್ದುವವರೆಗೆ ಎಲ್ಲರೂ ಮನೆಯ ಸುದ್ದಿ ಹೇಳಿಕೊಂಡರು. ಯಾರ ಎಮ್ಮೆ ಈದಿದೆ, ಯಾರ ಅಪ್ಪನಿಗೆ ಕೆಮ್ಮು, ಯಾರಿಗೆ ನಿದ್ದೆ ಬರುತ್ತಿಲ್ಲ.

ನನಗೆ ತಡೆಯಲಾಗಲಿಲ್ಲ. “ಮಾಮಾ, ಇಲ್ಲದ ಸೈಕಲ್ ಪಂಚರ್ ಹೆಂಗಾಕ್ಕೈತಿ?”

“ಪಂಚರ್ ಆಗ್ಲಿಲ್ಲಂದ್ರ ಅದು ಸೈಕಲ್ಲ ಹೆಂಗಾಕ್ಕೈತೋ?”

ನಾನು ಮನಃಶಾಸ್ತ್ರದವನಲ್ಲವೇ, ಇದು ವಾಸ್ತವದಿಂದ ಓಡಿಹೋಗುವ ಲಕ್ಷಣ ಎಂದು ಒಂದು ಸಣ್ಣ ಉಪನ್ಯಾಸವನ್ನೇ ಕೊಟ್ಟೆ. ಮಾಮಾ ಗಮನವಿಟ್ಟು ಕೇಳಿ, “ಚಲೋ ಹೇಳಿದಿ. ನಾಳೆ ನೀನೂ ಬಾ, ದಾರ್ಯಾಗ ಹುಡುಗರಿಗಿ ಹೇಳೀಯಂತ” ಎಂದರು.

ಹೆಡ್‌ಮಾಸ್ತರರು ಫೋನ್ ಮಾಡಿ, ಪಾಠ ಎಲ್ಲಿಗೆ ಬಂತೆಂದು ಕೇಳಿದ ದಿನವಂತೂ ಮರೆಯುವಂತಿಲ್ಲ. ಮಾಮಾ ಬಲು ವಿನಯದಿಂದ ಹೇಳಿದರು: “ಇನ್ನೂ ಸಾಲಿ ಮುಟ್ಟಿಲ್ರಿ ಸರ. ದಾರ್ಯಾಗ ಅದೀವಿ.”

ಆದರೆ ದಿನಾ ಆ ದಾರಿಗೆ ಬಂದೂ ಒಂದು ಮಾತೂ ಆಡದ ಹುಡುಗಿಯೊಬ್ಬಳಿದ್ದಳು. ಇಟಗಿಯವಳು, ಎಂಟನೆಯ ತರಗತಿ. ಅವಳವ್ವ ಕೊರೊನಾ ಬೇನೆಯಲ್ಲಿ ತೀರಿಕೊಂಡಿದ್ದಳು. ಅಂದಿನಿಂದ ಮನೆಯಲ್ಲೂ ಮಾತು ನಿಂತಿದೆ ಎಂದು ಅವಳ ಕಾಕಾ ಹೇಳಿದ್ದ. ಸಂಜೆ ಅವನ ಫೋನಿನಿಂದ ಬಂದು ಸೇರುತ್ತಿದ್ದಳು, ಅಷ್ಟೆ. ಮಾಮಾ ಅವಳ ಹೆಸರು ಕರೆದು, ತಾವೇ “ಬಂದಾಳ” ಎಂದು ಮುಂದೆ ಹೋಗುತ್ತಿದ್ದರು.

“ಒಂದರೆ ಮಾತು ಆಡಸ್ರಿ ಮಾಮಾ. ಹಿಂಗ ಬಿಟ್ರ ಮಾತು ಪೂರಾ ಹೋಕ್ಕೈತಿ” ಎಂದೆ. ಈ ಸಲ ಉಪನ್ಯಾಸವಲ್ಲ, ನನಗೆ ಖರೇ ಭಯವಾಗಿತ್ತು.

“ನಂಗೂ ಅಂಜಿಕಿ ಐತಿ” ಎಂದರು ಮಾಮಾ. “ಆದ್ರ ನಡಿಯೂವಾಕಿನ್ನ ದಾರ್ಯಾಗ ನಿಂದರಿಸಿ ಕೇಳಿದ್ರ, ನಾಳೆ ಬರೂದ ಬಿಟ್ಟಾಳ.”

ಬೀಗ ಬೀಳುವ ಮೊದಲು ಶಾಲೆಯಲ್ಲಿ ಅವಳು ಹಿಂದಿನ ಬೆಂಚಿನವಳು. ಆದರೆ ಈ ಶಾಲೆಯಲ್ಲಿ ಅವಳ ಗೆಳತಿ ಮೊದಲ ದಿನವೇ, “ಸರ, ಅಕೀಗಿ ನನ್ನ ಬಾಜೂಕ ಮುಂದಿನ ಬೆಂಚಿನ್ಯಾಗ ಜಾಗಾ ಹಿಡದೇನ್ರಿ, ಕಿಡಕಿ ಕಡೆ. ಕರ್ಚೀಪ್ ಇಟ್ಟೇನಿ” ಎಂದಿದ್ದಳು. ಬಸ್ಸಿನ ಕಿಟಕಿಯಿಂದ ಒಳಗೆಸೆದ ಕರ್ಚೀಫಿಗೆ ನಮ್ಮ ಕಡೆ ಇರುವ ಬೆಲೆ ತಹಶೀಲ್ದಾರರ ಸಹಿಗೂ ಇಲ್ಲ. ಯಾರೂ ಆ ಜಾಗ ಮುಟ್ಟಲಿಲ್ಲ.

ಒಂದು ಸಂಜೆ ಮಾತ್ರ, ಎಲ್ಲರೂ ಶಾಲೆ ಮುಟ್ಟಿ ಕೂರುವ ಹೊತ್ತಿಗೆ, ಮಾಮಾ ಮೈಮರೆತರು. ಅಂದು ಹೊಸದಾಗಿ ಸೇರಿದ ಹುಡುಗಿಗೆ, “ಮುಂದಿನ ಬೆಂಚಿನ್ಯಾಗ ಕಿಡಕಿ ಕಡೆ ಕುಂಡ್ರವಾ” ಎಂದುಬಿಟ್ಟರು. ಬೋಗುಣಿಯೊಳಗೆ ಗದ್ದಲವೆದ್ದಿತು. “ಸರ, ಅಲ್ಲಿ ಕರ್ಚೀಪ್ ಐತ್ರಿ!” “ಅದು ಹಿಡದ ಜಾಗಾರಿ ಸರ!” ಹೊಸ ಹುಡುಗಿ ಅಳುವುದೊಂದು ಬಾಕಿ. ಮಾಮಾ ತಪ್ಪಾಯಿತೆನ್ನುವಷ್ಟರಲ್ಲಿ, ಆ ಗದ್ದಲದ ಅಡಿಯಿಂದ ಒಂದು ದನಿ ಬಂತು. ಬಹಳ ದಿನ ಮುಚ್ಚಿಟ್ಟ ಬಾಗಿಲು ತೆರೆದಂತಿತ್ತು.

“ಇರ್ಲಿ ಬಿಡ್ರಿ ಸರ. ಅಕೀನೂ ಕುಂದರ್ಲಿ. ನಾ ಸರೀತೇನ್ರಿ.”

ಮಾಮಾ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು, ಮತ್ತೆ ಒರೆಸಿದರು. ಆಮೇಲೆ, “ಸಾಕಾತೇನವಾ ಜಾಗಾ?” ಎಂದರು.

“ಸಾಕಾತ್ರಿ.”

ಈ ದನಿ ಇಂದಿಗೂ ನನ್ನ ಕಿವಿಯಲ್ಲಿದೆ ಎಂದರೆ ಮಾಮಿ ನಗುತ್ತಾರೆ. “ಅವತ್ತ ನೀ ಎಲ್ಲಿದ್ದಿ? ನರಗುಂದಕ್ಕ ಹೋಗಿದ್ದಿ. ಇದನ್ನ ನಿಂಗ ನಾನ ಹೇಳಿದ್ದು, ಅದು ಮರತ ಹೋಗೇತಿ.” ಮಾಮಾನನ್ನು ಕೇಳಿದರೆ, “ನೀ ಇದ್ದಿಯೋ ಏನೋ, ನಾ ಸಾಲ್ಯಾಗ ಇದ್ದೆ” ಎನ್ನುತ್ತಾರೆ. ಕನ್ನಡಕ ಒರೆಸಿದ್ದನ್ನು ನಾನು ಕಂಡೆನೇ? ಅಥವಾ ಮಾಮಿ ಕಂಡದ್ದನ್ನು ನನ್ನ ಕಣ್ಣಿಗೆ ಹಾಕಿಕೊಂಡೆನೇ?

ಅನುಮಾನ ಹೆಚ್ಚಾಗಿ, ಶಾಲೆ ತೆರೆದ ಮೇಲೆ ಒಂದು ದಿನ ಮಾಮಾನಿಗೆ ಬುತ್ತಿ ಕೊಡುವ ನೆಪ ಮಾಡಿಕೊಂಡು ಹೋದೆ. ಎಂಟನೆಯ ತರಗತಿಯ ಕಿಟಕಿಯಲ್ಲಿ ಇಣುಕಿದೆ. ಹಿಂದಿನ ಬೆಂಚುಗಳು ಅರ್ಧ ಖಾಲಿ. ಮುಂದಿನ ಬೆಂಚಿನಲ್ಲಿ ಮಾತ್ರ, ಇಬ್ಬರು ಕೂರುವಲ್ಲಿ ಮೂವರು ಹುಡುಗಿಯರು. ಬಿಡುವಿನ ವೇಳೆ ಹೆಸರು ಕೇಳಿ ಖಾತ್ರಿ ಮಾಡಿಕೊಂಡೆ. ಕಿಟಕಿಯ ಗೋಡೆಗೆ ಭುಜ ಒತ್ತಿಕೊಂಡು, ಸರಿದು ಕುಳಿತಿದ್ದವಳು ಅವಳೇ.