ಬೀಗಪ್ಪನವರ ಬೆಳಗಿನ ಹೆಚ್ಚುವರಿ ದಾಸ್ತಾನು

"ಮುಂದಿನ ಸಲ ಡಾಕ್ಟರಮ್ಮನ ಹತ್ತಿರ ಹೋಗೋಷ್ಟರಲ್ಲಿ ನನ್ನ ಬೆಳಗಿನ ಶುಗರ್ ಎರಡಂಕಿಗೆ ಇಳಿದಿರತ್ತೆ. ಅಲ್ಲೀವರೆಗೂ ಅನ್ನ, ಬ್ರೆಡ್, ಆಲೂಗಡ್ಡೆ, ಸಕ್ಕರೆ, ಯಾವುದಕ್ಕೂ ಈ ಮನೆಯೊಳಗೆ ಪ್ರವೇಶವಿಲ್ಲ" ಎಂದು ಬೀಗಪ್ಪನವರು ಊಟದ ಮೇಜಿನ ಮುಂದೆ ಎದ್ದು ನಿಂತು ಘೋಷಿಸಿದರು. ಅವರ ಹೆಂಡತಿ ಬಾಯಿಗೆ ಹೋಗುತ್ತಿದ್ದ ತುತ್ತನ್ನು ಅರ್ಧದಲ್ಲೇ ನಿಲ್ಲಿಸಿದರು. ಹೆಂಡತಿಯ ತಾಯಿ, ಅಂದರೆ ಬೀಗಪ್ಪನವರ ಅತ್ತೆ, ನಿಲ್ಲಿಸಲಿಲ್ಲ. ಮತ್ತೆ ಯಾವಾಗ ಸಿಗುತ್ತದೋ ಎಂದು ಇನ್ನೆರಡು ಸೌಟು ಅನ್ನ ಬಡಿಸಿಕೊಂಡರು.

"ಶುಗರ್ ಇರೋದು ನಿಮಗೆ. ಬ್ರೇಕ್ ನಮಗ್ಯಾಕೆ?" ಎಂದರು ಹೆಂಡತಿ. ಅವರು ಜನರಿಗೆ ಕಾರು ಓಡಿಸಲು ಕಲಿಸುವವರು. ಅವರ ಮಾತಿನಲ್ಲಿ ಬ್ರೇಕು, ಗೇರುಗಳು ತಾವಾಗಿಯೇ ಬರುತ್ತಿದ್ದವು.

"ಎದುರಿಗಿದ್ರೆ ಕೈ ಹೋಗತ್ತೆ. ಸಾಮಾನೇ ಒಳಗೆ ಬರದಿದ್ರೆ ಕಳ್ಳತನ ಎಲ್ಲಿಂದ ಬರಬೇಕು?"

ಬೀಗಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಪಂಪು ತಯಾರಿಸುವ ಕಾರ್ಖಾನೆಯ ಕೆಲಸಗಾರರು ತಮ್ಮ ಸ್ಟೋರ್‌ಕೀಪರಿಗೆ ಪ್ರೀತಿಯಿಂದಲೋ ಸಿಟ್ಟಿನಿಂದಲೋ ದಯಪಾಲಿಸಿದ ಬಿರುದು. ಅವರು ಪಾಳಿಯ ಗಂಟೆ ಹೊಡೆಯುವುದಕ್ಕೆ ಬಹಳ ಮೊದಲೇ ಹೋಗಿ ಸ್ಟೋರಿನ ಬೀಗ ತೆಗೆದು, ಬೇರಿಂಗು, ಬೋಲ್ಟು, ಪೈಪು ಎಲ್ಲವನ್ನೂ ಹೊರಗೆ ತಂದು ಓಡಾಡುವ ಹಾದಿಯಲ್ಲಿ ಪೇರಿಸುತ್ತಿದ್ದರು. ಕೆಲಸಗಾರರು ಬಂದ ಕೂಡಲೇ ಕೈಗೆ ಸಿಗಲಿ ಎಂಬ ದೊಡ್ಡ ಮನಸ್ಸು. ಬಂದವರ ಕೈಗೆ ಸಿಗುವ ಮೊದಲು ಅದು ಕಾಲಿಗೆ ಸಿಗುತ್ತಿತ್ತು. ಒಮ್ಮೆ ಮ್ಯಾನೇಜರೇ ಮೊಣಕಾಲು ಜಜ್ಜಿಕೊಂಡು, "ಯಾರೂ ಕೇಳದೆ ಯಾಕ್ರೀ ಹೊರಗೆ ಸುರೀತೀರಿ? ಕೇಳಿದಾಗ ಕೊಡಿ" ಎಂದುಬಿಟ್ಟರು. ಇಂಥ ನಿಸ್ವಾರ್ಥ ಸೇವೆಗೆ ಇಂಥ ಮಾತೇ ಎಂದು ಬೀಗಪ್ಪನವರು ಮನೆಯಲ್ಲಿ ಮೂರು ದಿನ ಊಟ ಬಿಟ್ಟು ಮುನಿಸಿಕೊಂಡರು. ಹಾದಿಯ ಮೇಲಿನ ಪೈಪುಗಳು ಮಾತ್ರ ಅಲ್ಲೇ ಉಳಿದವು.

ಇಂಥವರು ಪಥ್ಯಕ್ಕೆ ಇಳಿದರೆ ಹೇಳಬೇಕೇ. ಮೊಟ್ಟೆ, ಸೊಪ್ಪು, ಕಾಳು, ಸಕ್ಕರೆಯಿಲ್ಲದ ಕಾಫಿ, ಇಷ್ಟರಲ್ಲೇ ಮನೆಯವರೆಲ್ಲ ದಿನ ದೂಡತೊಡಗಿದರು. ಸಂಜೆ ಬೆರಳು ಚುಚ್ಚಿ ನೋಡಿದರೆ ಮೀಟರಿನಲ್ಲಿ ಅಂಕಿ ಮುದ್ದಾಗಿ ಇಳಿದಿರುತ್ತಿತ್ತು. ಬೀಗಪ್ಪನವರು ಮೀಟರನ್ನು ಎಲ್ಲರಿಗೂ ತೋರಿಸಿ ಮಲಗುತ್ತಿದ್ದರು. ಬೆಳಿಗ್ಗೆ ಎದ್ದು ಚುಚ್ಚಿಕೊಂಡರೆ ಅದೇ ಅಂಕಿ ಮೂರಂಕಿಗೆ ಹತ್ತಿ ಕುಳಿತಿರುತ್ತಿತ್ತು.

"ರಾತ್ರಿ ಬೀಗ ಹಾಕುವಾಗ ಇದ್ದದ್ದಕ್ಕಿಂತ ಬೆಳಿಗ್ಗೆ ಕಡಿಮೆ ಇದ್ರೆ ಅದು ಕಳ್ಳತನ, ನನಗೆ ಅರ್ಥ ಆಗತ್ತೆ. ಜಾಸ್ತಿ ಆಗೋದು ಹೇಗೆ? ನನ್ನ ಇಷ್ಟು ಸರ್ವೀಸಲ್ಲಿ ಒಬ್ಬ ಕಳ್ಳನೂ ಬಂದು ಸಾಮಾನು ಇಟ್ಟು ಹೋಗಿಲ್ಲ" ಎಂದು ಅವರು ತಲೆ ಮೇಲೆ ಕೈ ಹೊತ್ತು ಕುಳಿತರು.

ಮಾತು ತಮಾಷೆಯಾಗಿದ್ದರೂ ಒಳಗೆ ಅವರಿಗೆ ನಿಜವಾಗಿಯೂ ಹೆದರಿಕೆಯಿತ್ತು. ಅವರ ತಂದೆ ಇದೇ ಕಾಯಿಲೆಯಲ್ಲಿ ಕಣ್ಣು ಕಳೆದುಕೊಂಡಿದ್ದರು. ಕೊನೆಕೊನೆಗೆ ಮಗನ ಮುಖವನ್ನು ಕೈಯಿಂದ ಸವರಿ ಗುರುತು ಹಿಡಿಯುತ್ತಿದ್ದರು. ಇದನ್ನು ಬೀಗಪ್ಪನವರು ಯಾರ ಮುಂದೆಯೂ ಆಡುತ್ತಿರಲಿಲ್ಲ, ಬದಲಿಗೆ ಮನೆಯವರ ಮೇಲೆ ಕಾನೂನು ಮಾಡುತ್ತಿದ್ದರು.

ಮೊದಲು ರಾತ್ರಿಯ ಊಟವನ್ನು ಸಂಜೆಗೆ ತಂದರು. ಆಮೇಲೆ ಸಂಜೆಯ ಊಟವನ್ನು ಮಧ್ಯಾಹ್ನದ ಕಾಫಿಯ ಹೊತ್ತಿಗೆ ಎಳೆದರು. "ಇನ್ನು ಸ್ವಲ್ಪ ಎಳೆದ್ರೆ ನಾಳೆಯ ಊಟ ಇವತ್ತೇ ಆಗಿಹೋಗತ್ತೆ" ಎಂದರು ಅತ್ತೆ. ಅಂಕಿ ಜಗ್ಗಲಿಲ್ಲ. ಅದು ಏರುವ ಮೊದಲೇ ಹಿಡಿಯಬೇಕೆಂದು ಬೀಗಪ್ಪನವರು ನಿದ್ದೆಗೆಟ್ಟು ಏಳತೊಡಗಿದರು. ಅವರು ಬೇಗ ಎದ್ದಷ್ಟೂ ಅದು ಅವರಿಗಿಂತ ಬೇಗ ಎದ್ದಿರುತ್ತಿತ್ತು.

ಕಡೆಗೆ ಅವರಿಗೆ ಹೊಳೆದದ್ದು ಒಂದೇ. "ನಾನು ನಿದ್ದೆಗಣ್ಣಲ್ಲಿ ಅಡುಗೆಮನೆಗೆ ಹೋಗಿ ಏನೋ ತಿಂತಿದ್ದೀನಿ. ಇವತ್ತಿಂದ ಅಡುಗೆಮನೆಗೆ ಬೀಗ."

"ತಿನ್ನೋಕೆ ಅಲ್ಲಿ ಏನಿದೆ? ಹಾಗಲಕಾಯಿ" ಎಂದರು ಹೆಂಡತಿ. "ಹೋಗಲಿ, ಇನ್ನೊಂದು ಕೀಲಿ ನನ್ನ ಹತ್ತಿರ ಇರಲಿ."

"ಎರಡು ಕೀಲಿ ಇದ್ರೆ ಅದು ಬೀಗ ಅಲ್ಲ, ಬಾಗಿಲಿಗೆ ಹಾಕಿದ ಒಡವೆ. ಒಂದೇ ಕೀಲಿ. ಅದು ಅತ್ತೆಯವರ ಹತ್ತಿರ."

ಅತ್ತೆ ಎಂದೂ ಇಲ್ಲದ ಉತ್ಸಾಹದಿಂದ ಕೀಲಿಯನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡರು. ಆ ಉತ್ಸಾಹವನ್ನು ಕಂಡು ಬೀಗಪ್ಪನವರಿಗೆ ಆಗಲೇ ಅನುಮಾನ ಬರಬೇಕಿತ್ತು.

ಮರುದಿನ ಬೆಳಕು ಹರಿಯುವಾಗ ಬೀಗಪ್ಪನವರು ಎದ್ದರು. ಬೀಗ ಹಾಗೇ ಇತ್ತು. ಹಿಗ್ಗಿ ಹೀರೇಕಾಯಿಯಾಗಿ, ಮೀಟರು ಎಲ್ಲಿ ಎಂದು ಹುಡುಕಿದರೆ ಅದು ಬೀಗದ ಒಳಗಿತ್ತು. ಸಂಜೆ ಚುಚ್ಚಿಕೊಂಡು ಅಡುಗೆಮನೆಯ ಕಟ್ಟೆಯ ಮೇಲೇ ಬಿಟ್ಟಿದ್ದರು. ಕೀಲಿ ಅತ್ತೆಯ ಕೊರಳಲ್ಲಿತ್ತು, ಅತ್ತೆ ಪಾರ್ಕಿನಲ್ಲಿ ಗೆಳತಿಯರ ಜೊತೆ ನಡೆಯುತ್ತಿದ್ದರು. ಫೋನ್ ಮಾಡಿದರೆ ಅದೂ ಬೀಗದ ಒಳಗಿಂದಲೇ ಹಾಡಿತು.

"ನನ್ನ ಕಾಫಿ" ಎಂದರು ಹೆಂಡತಿ, ಬಾಗಿಲನ್ನು ನೋಡುತ್ತ. "ಕಾಫಿ ಇಲ್ಲದೆ ನಾನು ಪಕ್ಕದ ಸೀಟಲ್ಲಿ ಕೂತ್ರೆ ಯಾರದ್ದಾದ್ರೂ ಗೋಡೆ ಬೀಳತ್ತೆ."

"ಎದ್ದ ಕೂಡಲೇ ನೋಡಬೇಕು, ತಡವಾದ್ರೆ ಲೆಕ್ಕಕ್ಕಿಲ್ಲ. ಹಿಂದಿನ ಕಿಟಕಿ ಇದೆಯಲ್ಲ" ಎಂದು ಬೀಗಪ್ಪನವರು ಹಿತ್ತಲಿಗೆ ಓಡಿದರು.

ಕಿಟಕಿಯ ಬಾಗಿಲು ಅರ್ಧಕ್ಕಿಂತ ಹೆಚ್ಚು ತೆರೆಯುತ್ತಿರಲಿಲ್ಲ. ಕಳ್ಳರು ನುಗ್ಗಬಾರದೆಂದು ಅದಕ್ಕೆ ಕಬ್ಬಿಣದ ಕೊಕ್ಕೆ ಜಡಿದವರು ಬೀಗಪ್ಪನವರೇ. ಅವರು ಸ್ಟೂಲು ಹತ್ತಿ ತಲೆ ತೂರಿಸಿದರು, ಹೆಗಲು ತೂರಿಸಿದರು, ಎರಡೂ ಕೈ ತೂರಿಸಿದರು. ಹೊಟ್ಟೆ ಒಪ್ಪಲಿಲ್ಲ. ಅಷ್ಟರಲ್ಲಿ ಸ್ಟೂಲು ಉರುಳಿತು. ಕೊಕ್ಕೆಯ ಕೆಲಸ ಎಷ್ಟು ಗಟ್ಟಿ ಎಂಬುದು ಆ ಕ್ಷಣಕ್ಕೆ ರುಜುವಾತಾಯಿತು.

"ಸ್ಟೀರಿಂಗ್ ತಿರುಗಿಸಬೇಡಿ, ನೇರವಾಗಿ ರಿವರ್ಸ್ ಬನ್ನಿ" ಎಂದು ಹೆಂಡತಿ ಕಾಲು ಹಿಡಿದು ಎಳೆದರು. ಬೀಗಪ್ಪನವರು ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ.

ಆ ಹೊತ್ತಿಗೆ ಸರಿಯಾಗಿ ಡಾಕ್ಟರಮ್ಮ ಹಿತ್ತಲಿಗೆ ಬಂದರು. ಬೀಗಪ್ಪನವರ ಶುಗರ್ ನೋಡುವ ಅವರೇ, ಕ್ಲಿನಿಕ್ಕು ತೆರೆಯುವ ಮೊದಲು ದಿನವೂ ಇಲ್ಲಿಗೆ ಬಂದು ಬೀಗಪ್ಪನವರ ಹೆಂಡತಿಯಿಂದ ಕಾರು ಕಲಿಯುತ್ತಿದ್ದರು. ಕ್ಲಿನಿಕ್ಕಿನಲ್ಲಿ ಬೀಗಪ್ಪನವರು ಅವರಿಗೆ ಹೆದರಿದರೆ, ಕಾರಿನಲ್ಲಿ ಅವರು ಬೀಗಪ್ಪನವರ ಹೆಂಡತಿಗೆ ಹೆದರುತ್ತಿದ್ದರು.

"ಇದು ಯಾರು?" ಎಂದು ಡಾಕ್ಟರಮ್ಮ ಎರಡು ಕಾಲುಗಳನ್ನು ನೋಡಿ ಕೇಳಿದರು.

"ನಿಮ್ಮ ಪೇಷೆಂಟ್" ಎಂದರು ಹೆಂಡತಿ.

"ಡಾಕ್ಟ್ರೇ, ತಿನ್ನೋಕೆ ಬಂದಿದ್ದಲ್ಲ, ಆಣೆ" ಎಂದು ಒಳಗಿನಿಂದ ದನಿ ಬಂತು. ಮೀಟರು ಕೈಗೆಟುಕುವಂತೆಯೇ ಇತ್ತು. ಬೀಗಪ್ಪನವರು ನೇತಾಡುತ್ತಲೇ ಬೆರಳು ಚುಚ್ಚಿಕೊಂಡರು. ಅಂಕಿ ಹಿಂದೆಂದೂ ಕಾಣದಷ್ಟು ಮೇಲಿತ್ತು. ಅದನ್ನು ಅವರು ಓದಿ ಹೇಳಿದರು. ತಲೆಯೆತ್ತಿದರೆ ಇನ್ನೊಂದು ಆಘಾತ. ನೆಲದಲ್ಲಿ ನಿಂತವರಿಗೆ ಕಾಣದ, ಕಿಟಕಿಯಲ್ಲಿ ಸಿಕ್ಕಿಕೊಂಡವರಿಗೆ ಮಾತ್ರ ಕಾಣುವ ಕಪಾಟಿನ ನೆತ್ತಿಯ ಮೇಲೆ ಬ್ರೆಡ್ಡು, ಬಿಸ್ಕತ್ತು, ಜಾಮಿನ ಬಾಟಲಿ ಸಾಲಾಗಿ ಕುಳಿತಿದ್ದವು.

"ಸಿಕ್ಕಿತು. ಇಲ್ಲೇ ಇದೆ ಹೆಚ್ಚುವರಿ ದಾಸ್ತಾನು. ಯಾರೋ ನಾನು ಮಲಗಿದ್ದಾಗ ನನಗೆ ತಿನ್ನಿಸ್ತಿದ್ದಾರೆ" ಎಂದು ಕೂಗಿದರು.

"ನಮಗೇ ಸಾಲದು, ನಿಮಗೆಲ್ಲಿ ತಿನ್ನಿಸೋದು" ಎಂದರು ಹೆಂಡತಿ.

ಡಾಕ್ಟರಮ್ಮ ನಗು ತಡೆದುಕೊಂಡು ಕಾಲುಗಳಿಗೆ ವಿವರಿಸಿದರು. "ಯಾರೂ ತಿನ್ನಿಸ್ತಿಲ್ಲ. ನಿಮ್ಮ ಹೊಟ್ಟೆಯ ಬಲಗಡೆ ಮೇಲೆ ಯಕೃತ್ತು ಅಂತ ಇದೆ, ಲಿವರ್. ಅದು ಸಕ್ಕರೆ ಕೂಡಿಟ್ಟಿರತ್ತೆ. ಬೆಳಗಿನ ಜಾವ ನೀವು ಏಳೋಕೆ ಮೊದಲೇ, ಏಳೋ ಶಕ್ತಿಗೆ ಇರಲಿ ಅಂತ ಅದೇ ತೆಗೆದು ರಕ್ತಕ್ಕೆ ಬಿಡತ್ತೆ. ಅದನ್ನ ಒಳಗೆ ತಗೊಳ್ಳೋ ಕೆಲಸ ನಿಮ್ಮ ಮೈಯಲ್ಲಿ ನಿಧಾನ. ಹಾಗಾಗಿ ಹಾದೀಲೇ ನಿಂತಿರತ್ತೆ. ನಿದ್ದೆಗೆಟ್ಟರೆ, ಗಾಬರಿಯಾದರೆ ಇನ್ನೂ ಜಾಸ್ತಿ. ಕಿಟಕೀಲಿ ನೇತಾಡಿದ್ರಂತೂ ಕೇಳಲೇಬೇಡಿ."

ಬೀಗಪ್ಪನವರ ರಕ್ತ ಕುದಿಯಿತು. "ಯಾರು ಕೇಳಿದ್ರು ಅದನ್ನ? ಕೆಲಸದವರು ಬರೋಕೆ ಮೊದಲೇ ಸಾಮಾನು ಹೊರಗೆ ತಂದು ಹಾದೀಲಿ ಪೇರಿಸೋದು ಯಾವ ಸೀಮೆ ಬುದ್ಧಿ? ಕೇಳಿದಾಗ ಕೊಟ್ರೆ ಆಗಲ್ವಾ?"

ಹೆಂಡತಿ ಹಿಡಿದಿದ್ದ ಕಾಲುಗಳನ್ನು ಕೈಬಿಟ್ಟರು.

"ಇದೇ ಮಾತನ್ನ ನಿಮ್ಮ ಮ್ಯಾನೇಜರು ಹೇಳಿದಾಗ ಮೂರು ದಿನ ಊಟ ಬಿಟ್ಟಿದ್ರಿ" ಎಂದರು ಹೆಂಡತಿ. "ಪಾಪ, ಅದನ್ನ ಬೈಬೇಡಿ. ಇಷ್ಟು ವರ್ಷ ನಿಮ್ಮೊಳಗೇ ಇದ್ದು ನಿಮ್ಮದೇ ಬುದ್ಧಿ ಕಲಿತಿದೆ."

ಕಾಲುಗಳು ಒದ್ದಾಡುವುದನ್ನು ನಿಲ್ಲಿಸಿದವು. ಹೆಂಡತಿ ಅವನ್ನು ಮೆಲ್ಲಗೆ ತಟ್ಟಿದರು. "ನಿಮಗೆ ಮಾವನವರ ಕಣ್ಣು ನೆನಪಾಗಿ ಭಯ ಆಗಿದೆ ಅಂತ ನನಗೆ ಗೊತ್ತು. ಭಯ ಆಗ್ತಿದೆ ಅಂತ ಹೇಳಿದ್ರೆ ಸಾಕಿತ್ತು. ಬೀಗ ಬೇಕಿರಲಿಲ್ಲ."

ಅಡುಗೆಮನೆಯ ಬಾಗಿಲು ತೆರೆಯಿತು. ಪಾರ್ಕಿನಿಂದ ಬಂದ ಅತ್ತೆ ಕಿಟಕಿಯಲ್ಲಿದ್ದ ಅಳಿಯನ ಮುಖ ನೋಡಿ, ಆಮೇಲೆ ಅವರ ಕಣ್ಣು ಎಲ್ಲಿದೆ ಎಂದು ನೋಡಿ, ಕಪಾಟಿಗೆ ಬೆನ್ನು ಕೊಟ್ಟು ನಿಂತರು. ಡಾಕ್ಟರಮ್ಮ ಹೊರಗಿನಿಂದಲೇ ಆಜ್ಞೆ ಹೊರಡಿಸಿದರು. ರಾತ್ರಿ ಊಟ ಹೊತ್ತಿಗೆ ಸರಿಯಾಗಿ, ಊಟವಾದ ಮೇಲೆ ಒಂದು ನಡಿಗೆ, ಕಣ್ಣು ತುಂಬ ನಿದ್ದೆ, ಎದ್ದ ಮೇಲೆ ಬಾಯಿಗೆ ಏನಾದರೂ ಸ್ವಲ್ಪ. ಒಂದು ಬೆಳಗಿನ ಅಂಕಿಯಿಂದ ಏನೂ ತೀರ್ಮಾನವಾಗುವುದಿಲ್ಲ, ಪೂರ್ತಿ ರಕ್ತಪರೀಕ್ಷೆ ಮಾಡಿಸಿ ಬೇಕಿದ್ದರೆ ಮಾತ್ರೆ ನೋಡೋಣ. "ಮತ್ತೆ ಮನೆಯವರಿಗೆ ಅನ್ನ ಕೊಡಿ" ಎಂದು ಸೇರಿಸಿದರು.

ಅತ್ತೆ ಕೂಡಲೇ ಬಾದಾಮಿ ಡಬ್ಬಿ ತೆಗೆದು, ನೇತಾಡುತ್ತಿದ್ದ ಅಳಿಯನ ಬಾಯಿಗೆ ಒಂದೊಂದಾಗಿ ಹಾಕತೊಡಗಿದರು. ಬೀಗಪ್ಪನವರು ಒಂದೊಂದನ್ನೂ ಅಗಿದರು. ಒಳಗಿನಿಂದ ಕೊಕ್ಕೆ ಕಿತ್ತ ಮೇಲೆ ಅವರು ಈಚೆ ಬಂದರು.

ಮರುದಿನ ಬೆಳಗಿನ ಅಂಕಿ ಮೂರಂಕಿಯೇ ಇತ್ತು, ಆದರೆ ಸ್ವಲ್ಪ ತಗ್ಗಿತ್ತು. ಕಾರ್ಖಾನೆಯಲ್ಲಿ ಮೊದಲ ಪಾಳಿಯವರು ಬಂದಾಗ ಹಾದಿ ಖಾಲಿಯಿತ್ತು. ಅಭ್ಯಾಸಬಲದಿಂದ ಅವರೆಲ್ಲ ಇಲ್ಲದ ಪೈಪುಗಳನ್ನು ದಾಟುತ್ತ, ಕಾಲೆತ್ತಿ ಕಾಲೆತ್ತಿ ನಡೆದರು. ಮ್ಯಾನೇಜರು ಗಾಬರಿಯಿಂದ ಸ್ಟೋರಿನ ಕಿಂಡಿಯಲ್ಲಿ ಇಣುಕಿದರು.

"ಯಾಕ್ರೀ, ಮೈಗೆ ಹುಷಾರಿಲ್ವಾ?"

"ಶುಗರ್, ಸಾರ್" ಎಂದರು ಬೀಗಪ್ಪನವರು ತಲೆ ತಗ್ಗಿಸಿ. "ಕೇಳಿದ ಮೇಲೇ ಸಾಮಾನು ಕೊಡಬೇಕಂತೆ."

ಮ್ಯಾನೇಜರು ತಮ್ಮ ಮೊಣಕಾಲನ್ನು ಒಮ್ಮೆ ಸವರಿಕೊಂಡರು. "ಎಂಥ ಒಳ್ಳೆ ಕಾಯಿಲೇರಿ. ಇನ್ನೂ ಮೊದಲೇ ಬರಬಾರದಿತ್ತೇ" ಎಂದರು.