ಪುಕ್ಕಲನ ಮನೆಯ ನಕ್ಷೆ

ನಾನು ಹುಟ್ಟು ಪುಕ್ಕಲ. ಇದನ್ನು ಒಪ್ಪಿಕೊಳ್ಳುವುದಕ್ಕೂ ಧೈರ್ಯ ಬೇಕು ಅನ್ನುತ್ತಾರೆ ಕೆಲವರು. ಅದೆಲ್ಲ ಸುಳ್ಳು, ಹೆಂಡತಿ ಆಫೀಸಿಗೆ ಹೋದದ್ದನ್ನು ಖಾತ್ರಿ ಮಾಡಿಕೊಂಡೇ ನಾನು ಇದನ್ನು ಬರೆಯಲು ಕೂತಿದ್ದೇನೆ. ಜಕ್ಕೂರಿನ ವಿಮಾನ ತರಬೇತಿ ಶಾಲೆಯ ಕಡೆಯಿಂದ ಪುಟ್ಟ ವಿಮಾನವೊಂದು ನಮ್ಮ ತಾರಸಿಯ ಮೇಲೆ ಹಾದುಹೋದರೆ, ಒಳಗೆ ಕೂತ ನಾನು ತಲೆ ಬಗ್ಗಿಸುತ್ತೇನೆ. ಕಾಲೇಜಿನಲ್ಲಿ ಗಣಿತ ಕಲಿಸುವವನು, ಎಲ್ಲಕ್ಕೂ ಕಾರಣವಿದೆ ಎಂದು ಹುಡುಗರಿಗೆ ಗಂಟಲು ಹರಿದುಕೊಂಡು ಹೇಳುವವನು. ಆದರೂ ಕುಕ್ಕರ್ ಕೂಗುವ ಮುಂಚೆ ಅಡುಗೆಮನೆಯಿಂದ ಆಚೆ ಬಂದುಬಿಡುತ್ತೇನೆ. ಇಂಥವನ ಮನೆಗೆ, ತಾನಾಗಿಯೇ ಓಡಾಡಿಕೊಂಡು ಕಸ ಗುಡಿಸುವ ರೋಬೋಟ್ ಬಂತು.

ತಂದವಳು ನನ್ನ ಹೆಂಡತಿ ಸುಮಾ. ನಮ್ಮಲ್ಲಿ ಗುಡಿಸುವುದು ನನ್ನ ಪಾಲಿನ ಕೆಲಸ. "ರೀ, ನಿಮ್ಮ ಸೊಂಟನೋವಿನ ಕಥೆ ಕೇಳಿ ಕೇಳಿ ಸಾಕಾಯ್ತು. ತಗೊಳ್ಳಿ, ಇನ್ಮೇಲೆ ಇದು ಗುಡಿಸುತ್ತೆ, ನೀವು ನೋಡ್ಕೊಂಡು ಕೂತಿರಿ" ಎಂದಳು. ನಾನು ಅಕ್ಷರಶಃ ಹಾಗೇ ಮಾಡಿದೆ. ಬೆಳಿಗ್ಗೆ ಅದು ಗುರ್ರೆನ್ನುತ್ತ ಹೊರಟರೆ, ಎಲ್ಲಿ ಕಾಲಿಗೆ ಬಂದು ಬಡಿಯುತ್ತದೋ ಎಂದು, ಕೆಲಸ ಮುಗಿಯುವ ತನಕ ಟಿವಿ ಎದುರಿನ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ.

ತಕರಾರು ಬಂದದ್ದು ನಮ್ಮಮ್ಮನಿಂದ. ನಾವಿರುವ ಈ ಅಲ್ಲಾಳಸಂದ್ರ ಬರೀ ಹೊಲವಾಗಿದ್ದ ಕಾಲಕ್ಕೆ ಸೊಸೆಯಾಗಿ ಬಂದವಳು. ಸುತ್ತ ಅಪಾರ್ಟ್‌ಮೆಂಟುಗಳೆದ್ದರೂ ಅವಳ ಮಾತು, ಮಡಿ ಎರಡೂ ಹಳೇ ಊರಿನವೇ. "ನೋಡ್ಲಾ, ಇದು ಬಚ್ಚಲ ಬಾಗ್ಲು ಮುಂದೆಲ್ಲ ಸುತ್ಕೊಂಡು ಬರ್ತದೆ. ದೇವ್ರ ಮನೆಗೆ ಏನಾರ ನುಗ್ತೋ, ಎತ್ಕೊಂಡೋಗಿ ಕೆರೆಗೆ ಎಸೆದ್ಬಿಡ್ತೀನಿ. ನುಗ್ಗಕ್ಕೆ ಬಿಡಲ್ಲ ಅಂತ ನನ್ ತಲೆ ಮುಟ್ಟಿ ಆಣೆ ಮಾಡು" ಎಂದಳು. ನಾನು ಮಾಡಿದೆ. ಮೊಬೈಲಿನಲ್ಲಿ ಮನೆಯ ನಕ್ಷೆ ಬರುತ್ತದೆ. ಅದರಲ್ಲಿ ದೇವರ ಮನೆಯ ಬಾಗಿಲಿಗೆ ಅಡ್ಡಲಾಗಿ ಕೆಂಪು ಗೆರೆ ಎಳೆದರೆ ಯಂತ್ರ ಅದನ್ನು ದಾಟುವುದಿಲ್ಲ. ಗೆರೆ ಎಳೆದು ಅಮ್ಮನಿಗೆ ತೋರಿಸಿ ಶಹಬ್ಬಾಸ್ ಅನ್ನಿಸಿಕೊಂಡೆ.

ಎಲ್ಲ ಸರಿಯಾಗಿಯೇ ಇತ್ತು, ಆಯುಧಪೂಜೆ ಬರುವ ತನಕ. ಸ್ಕೂಟರು, ಮಿಕ್ಸಿ, ಈಳಿಗೆಮಣೆಗಳ ಸಾಲಿನಲ್ಲಿ ಅಮ್ಮ ರೋಬೋಟನ್ನೂ ಕೂರಿಸಿದಳು. ಅದರ ನೆತ್ತಿಯ ಮೇಲೊಂದು ಗುಂಡಗಿನ ಉಬ್ಬು ಇದೆ. ದಾರಿ ಕಾಣುವ ಕಣ್ಣು ಅದೇ. ಅಮ್ಮ ಅದಕ್ಕೆ ಧಾರಾಳವಾಗಿ ಅರಿಶಿನ ಬಳಿದು, ಕುಂಕುಮವಿಟ್ಟು, ಮೇಲೊಂದು ಕೆಂಪು ದಾಸವಾಳ ಸಿಕ್ಕಿಸಿದಳು. ಮಾರನೆಯ ದಿನ ಚಾಲೂ ಮಾಡಿದರೆ ಅದು ಮೈಮೇಲೆ ದೇವರು ಬಂದಂತೆ ನಿಂತಲ್ಲೇ ಗಿರಗಿರ ತಿರುಗಿತು. ಒರೆಸಿ ಬಿಟ್ಟ ಮೇಲೆ ಓಡಾಡಿತು ನಿಜ, ಆದರೆ ಹಳೆಯ ನಕ್ಷೆ ಮಾಯವಾಗಿತ್ತು. ನಕ್ಷೆಯ ಜೊತೆ ನನ್ನ ಕೆಂಪು ಗೆರೆಯೂ ಹೋಯಿತು. ಹೊಸ ನಕ್ಷೆ ಆಗಬೇಕಾದರೆ ಗೆರೆಯಿಲ್ಲದೆ ಮನೆಯೆಲ್ಲ ಸುತ್ತಲು ಬಿಡಬೇಕು, ಆಣೆಯ ಹೆದರಿಕೆಗೆ ಅದನ್ನು ನಿಲ್ಲಿಸಿಬಿಟ್ಟೆ.

ನಮ್ಮ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವ ತಣಿಸಂದ್ರದ ಗಿರೀಶ ನನ್ನ ಮುಖ ನೋಡಿ ನಕ್ಕ. "ಅಷ್ಟಕ್ಕೆಲ್ಲ ಯಾಕೆ ಗುರು ಒದ್ದಾಡ್ತೀಯಾ? ಹಳೇ ಮ್ಯಾಪ್ ಎಲ್ಲ ಕಂಪನಿ ಹತ್ರ ಇರುತ್ತೆ. ಅದನ್ನ ಡೌನ್‌ಲೋಡ್ ಮಾಡೋ ಒಂದು ಸಾಫ್ಟ್‌ವೇರ್ ಇದೆ, ಕಳಿಸ್ತೀನಿ."

ಯಾವನೋ ಕಾಣದವನ ಕಂಪ್ಯೂಟರಿನಲ್ಲಿ ನಮ್ಮ ಬಚ್ಚಲಮನೆ ಎಷ್ಟಗಲ ಇದೆ ಎಂಬುದೂ ಇದೆ ಎಂದು ಕೇಳಿ ಇನ್ನೊಂದು ಹೆದರಿಕೆ ಹತ್ತಿತು. ಆದರೂ ಸಂಜೆ ಮನೆಗೆ ಬಂದವನೇ ಬಾಗಿಲು ಹಾಕಿಕೊಂಡು ಲ್ಯಾಪ್‌ಟಾಪಿನಲ್ಲಿ ಆ ಸಾಫ್ಟ್‌ವೇರಿನ ಗುಂಡಿ ಒತ್ತಿದೆ. ಹಳೆಯ ನಕ್ಷೆಗಳು, ದಿನಕ್ಕೊಂದರಂತೆ, ಒಂದೊಂದಾಗಿ ಇಳಿದವು. ಗುಡಿಸಿದ ಜಾಗ ನೀಲಿ, ಗುಡಿಸದ್ದು ಬಿಳಿ, ಯಂತ್ರ ನಡೆದ ದಾರಿ ತೆಳು ಗೆರೆ. ಹಬ್ಬಕ್ಕೆ ಮುಂಚಿನ ನಕ್ಷೆ ತೆರೆದೆ. ದೇವರ ಮನೆಯ ಬಾಗಿಲಲ್ಲಿ ನನ್ನ ಕೆಂಪು ಗೆರೆ ಭದ್ರವಾಗಿತ್ತು. ಅದರ ಆಚೆ, ದೇವರ ಮನೆ ಪೂರ್ತಿ ನೀಲಿ! ಇನ್ನೊಂದು ತೆರೆದೆ, ಅಲ್ಲೂ ಅದೇ. ಅದಕ್ಕಿಂತ ಭಯಂಕರವಾದದ್ದು ಆ ತೆಳು ಗೆರೆ. ಅದು ಬಾಗಿಲಿನಿಂದ ಒಳಗೆ ಹೋಗಿರಲೇ ಇಲ್ಲ. ಒಳಗೇ ಹುಟ್ಟಿ, ಮಂಟಪದ ಸುತ್ತ ಸುತ್ತಿ, ಒಳಗೇ ಮುಗಿದಿತ್ತು. ಬಾಗಿಲು ದಾಟದೆ ಒಳಗೆ ಹೋಗುವ ವಸ್ತುವಿನ ಬಗ್ಗೆ ನಾನು ಓದಿದ ಗಣಿತದಲ್ಲಿ ಏನೂ ಇಲ್ಲ.

ಅಷ್ಟರಲ್ಲಿ ಆಚೆಯಿಂದ ಸುಮಾ ಕೂಗಿದಳು: "ರೀ, ಅತ್ತೆಗೆ ಮೈ ಕೆಂಡದ ಹಾಗೆ ಸುಡ್ತಾ ಇದೆ, ಬನ್ನಿ!"

ಆಣೆ! ಅಮ್ಮನ ತಲೆ ಮುಟ್ಟಿ ಮಾಡಿದ ಆಣೆ ಮುರಿದಿತ್ತು, ಅಮ್ಮನಿಗೆ ಜ್ವರ ಬಂದಿತ್ತು. ಆಣೆಗೂ ಜ್ವರಕ್ಕೂ ಸಂಬಂಧವಿಲ್ಲ ಎಂದು ಇದೇ ಬಾಯಲ್ಲಿ ಹುಡುಗರಿಗೆ ಹೇಳಿದ್ದೇನೆ. ಅದು ಬೇರೆಯವರ ಅಮ್ಮಂದಿರ ವಿಷಯ. ಸುಮಾ ಮಾತ್ರೆ ಕೊಟ್ಟಳು. ನಾನು ಮಂಚದ ಪಕ್ಕ ಕೂತು ಅಮ್ಮನ ಕೈ ಹಿಡಿದುಕೊಂಡೆ. ಇವಳಿಗೇನಾದರೂ ಆದರೆ ನನ್ನ ಗತಿಯೇನು ಎಂದು ಹಣೆ ಮುಟ್ಟಿ ಮುಟ್ಟಿ ನೋಡಿದೆ. ಸುಮಾ ಕಾಫಿ ಮಾಡಲು ಹೋದದ್ದೇ ತಡ, ಲ್ಯಾಪ್‌ಟಾಪ್ ತಂದು ನಕ್ಷೆ ತೋರಿಸಿ, "ಅಮ್ಮಾ, ತಪ್ಪಾಯ್ತು. ಅದು ದೇವರ ಮನೆಗೆ ಹೋಗಿಬಿಟ್ಟಿದೆ. ಹೇಗೆ ಹೋಯ್ತೋ ನಂಗೊತ್ತಿಲ್ಲ" ಎಂದೆ.

ಅಮ್ಮ ನಕ್ಷೆ ನೋಡಿದಳು, ಅಡುಗೆಮನೆಯ ಕಡೆ ನೋಡಿದಳು, ದನಿ ತಗ್ಗಿಸಿದಳು. "ಅಯ್ಯೋ ಪೆದ್ದ, ಮೆತ್ತಗೆ ಮಾತಾಡ್ಲಾ. ಬಗ್ಗಿ ಗುಡ್ಸಕ್ಕೆ ನನ್ ಮಂಡಿ ಎಲ್ ಕೇಳ್ತದೆ? ನೀವಿಬ್ರೂ ಕೆಲ್ಸಕ್ಕೋದ್ಮೇಲೆ ನಾನೇ ಎತ್ಕೊಂಡೋಗಿ ಒಳಗೆ ಬಿಡ್ತೀನಿ. ಚಕ್ರ ಒರ್ಸಿ, ಅರಿಶ್ಣದ ನೀರು ಚಿಮುಕ್ಸಿ."

"ಮತ್ತೆ ಆಣೆ?"

"ಅದು ತಾನಾಗೇ ನುಗ್ಗಬಾರ್ದು ಅಂದಿದ್ದು. ನಾನ್ ಕರ್ಕೊಂಡೋದ್ರೆ ಅದು ಬೇರೆ. ಅದ್ರ ಗುಂಡಿ ಒತ್ತೋವಾಗೆಲ್ಲ ನಿಂಗೆ ಗೊತ್ತಾಗ್ಬಿಡ್ತದೇನೋ ಅಂತ ನಂಗೂ ಎದೆ ಡವಡವ ಅಂತಿತ್ತು ಕಣಪ್ಪ."

"ಜ್ವರ?"

"ನೆನ್ನೆ ತಲೆಗೆ ನೀರಾಕ್ಕೊಂಡು ತಾರಸಿ ಗಾಳಿಗೆ ಕೂತಿದ್ನಲ್ಲ, ಅದ್ಕೆ."

ಹೋದ ಜೀವ ವಾಪಸು ಬಂತು. ಲ್ಯಾಪ್‌ಟಾಪ್ ಮುಚ್ಚಿಬಿಟ್ಟಿದ್ದರೆ ನನ್ನ ಕಥೆ ಅಲ್ಲಿಗೇ ಸುಖಾಂತವಾಗುತ್ತಿತ್ತು. ಆದರೆ ಅಮ್ಮ ಕನ್ನಡಕ ಏರಿಸಿ ಬೆರಳಿಟ್ಟಳು. "ಇದೇನ್ಲಾ, ನಡುಮನೇಲಿ ಇಷ್ಟಗಲ ಬೆಳ್ಳಗೆ ಉಳ್ಕೊಂಡದೆ? ಎಲ್ಲಾ ಪಟದಾಗೂ ಅದೆ."

ಕಾಫಿ ಹಿಡಿದು ಬಂದ ಸುಮಾ ಬಗ್ಗಿ ನೋಡಿದಳು. "ಅದಾ ಅತ್ತೆ? ಟಿವಿ ಎದುರಿನ ಕುರ್ಚಿ. ನಿಮ್ಮ ಮಗ ಕೂರೋ ಜಾಗ."

"ದೇವ್ರ ಮನೇನಾರ ಗುಡಿಸ್ತದೆ, ಇವನ ಹತ್ರಕ್ಕೆ ಓಗಕ್ಕೆ ಅದ್ಕೂ ಭಯ" ಎಂದಳು ಅಮ್ಮ, ಅಷ್ಟು ಜ್ವರದಲ್ಲೂ.

ಈ ಮನೆಯಲ್ಲಿ ನನ್ನನ್ನು ಕಂಡರೆ ಹೆದರುವುದು ಒಂದಾದರೂ ಇದೆಯಲ್ಲ ಎಂದು ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಅಷ್ಟರಲ್ಲಿ ಸುಮಾ ಬಾಗಿಲ ಹಿಂದಿನಿಂದ ಹಳೆಯ ಪೊರಕೆ ತಂದು ನನ್ನ ಕೈಗಿಟ್ಟಳು.

"ಆ ಬಿಳಿ ಜಾಗ ಮಾತ್ರ ನೀವೇ ಗುಡಿಸಿಬಿಡಿ. ಕುರ್ಚಿ ಬಿಟ್ಟು ಎದ್ದ ಮೇಲೆ."